ಗಿಟಾರಿನಿಂದ ತೆಗೆದ ಮಂದ್ರ ಷಡ್ಜ

ಗುರುಗಳು ಅಪಸ್ವರದಲ್ಲಿ ಹಾಡುತ್ತಿದ್ದಾರೆ ಎಂಬುದನ್ನು ನಾನು ಆರು ತಿಂಗಳು ಬಚ್ಚಿಟ್ಟೆ. ಈ ಬರಹ ಆ ಅಪರಾಧದಿಂದಲೇ ಆರಂಭವಾಗಬೇಕು. ಅದನ್ನು ಬಿಟ್ಟು ಉಳಿದುದನ್ನಷ್ಟೇ ಹೇಳಿದರೆ, ಶಾಲೆಯ ಮಾಸ್ತರನೊಬ್ಬ ಮುಪ್ಪಿನಲ್ಲಿ ವಿದ್ಯುತ್ ಗಿಟಾರಿನ ಬೆನ್ನು ಹತ್ತಿದ ವಿನೋದವೆಂದು ಓದುವವರು ತಿಳಿದಾರು. ವಿನೋದವಾಗಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಜಹೀರಾಬಾದಿನಲ್ಲಿ ಶಾಲೆಯ ಮಾಸ್ತರನಾಗಿದ್ದೆ. ಪ್ರತಿ ರವಿವಾರ ನಾರಾಯಣಖೇಡಕ್ಕೆ ಹೋಗಿ ಗುರುಗಳ ಎದುರು ತಂಬೂರಿ ಹಿಡಿದು ಕುಳಿತು ಬರುತ್ತಿದ್ದೆ. ಗುರುಗಳಿಗೆ ಎಂಬತ್ತು ದಾಟಿತ್ತು. ತಮ್ಮ ಗುರುವಿನ ಆರಾಧನೆಯ ದಿನ, ಬೆಳಗಿನ ಹೊತ್ತು, ಊರಿನ ಮಠದ ಮಂಟಪದಲ್ಲಿ ಭೈರವ ರಾಗದ ಒಂದು ಪದವನ್ನು ಹಾಡುವುದು ಅವರು ಕೈಗೊಂಡ ಸೇವೆ. ಐವತ್ತು ವರ್ಷ ಅದು ತಪ್ಪಿರಲಿಲ್ಲ. ಗಲಭೆಗೆ ಹೆದರಿ ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ವರ್ಷದಲ್ಲಿಯೂ ಅವರು ಮಂಟಪದಲ್ಲಿ ಒಬ್ಬರೇ ಕುಳಿತು ಹಾಡಿ ಎದ್ದಿದ್ದರಂತೆ.

ನಮ್ಮ ಪರಂಪರೆಯಲ್ಲಿ ಗುರು ಹಾಡುವಾಗ ತಂಬೂರಿ ಹಿಡಿದವನು ಎದುರಿಗೆ ಕೂಡಬೇಕು. ಗುರುವಿನ ದೃಷ್ಟಿ ಅವನ ಮುಖದ ಮೇಲಿರುತ್ತದೆ. ಸ್ವರ ಕೂಡಿದಾಗ ಅವನ ತಲೆ ತಾನಾಗಿ ತೂಗುತ್ತದೆ. ಕಿವಿ ಮಂದವಾಗುತ್ತ ಬಂದಂತೆ ಗುರುಗಳು ತಂಬೂರಿಯನ್ನು ಕೇಳುವುದು ಬಿಟ್ಟು ನನ್ನ ತಲೆಯನ್ನೇ ನೋಡಿ ಹಾಡತೊಡಗಿದರು. ಷಡ್ಜದಲ್ಲಿ, ಎಂದರೆ ಆಧಾರದ ‘ಸ’ ಸ್ವರದಲ್ಲಿ, ಸರಿಯಾಗಿ ಆರಂಭಿಸುವರು. ಹತ್ತು ನಿಮಿಷ ಕಳೆಯುವುದರೊಳಗೆ ಆ ಷಡ್ಜ ಮೆಲ್ಲಗೆ ಜಾರಿ ತಂಬೂರಿಗಿಂತ ಕೆಳಗೆ ನಿಲ್ಲುವುದು.

"ಸುರದಾಗ ಅದೀನೇನೋ ತಮ್ಮಾ?" ಎಂದು ನಡುವೆ ಕೇಳುವರು.

ನಾನು ತಲೆ ತೂಗುತ್ತಿದ್ದೆ. ಗುರುವಿಗೆ ಇಲ್ಲವೆನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಆರಾಧನೆಗೆ ಹನ್ನೆರಡು ದಿನ ಉಳಿದಿದ್ದಾಗ ಸಿರ್ಗಾಪುರದ ಹಳೆಯ ತಬಲಾವಾದಕರೊಬ್ಬರು ಅಭ್ಯಾಸಕ್ಕೆಂದು ಬಂದರು. ಕಾಲು ತಾಸು ನುಡಿಸಿ, ಕೈಯನ್ನು ತಬಲಾದ ಮೇಲೆಯೇ ಇಟ್ಟು ನಿಲ್ಲಿಸಿಬಿಟ್ಟರು. "ಗವಾಯಿಗಳೇ, ಇವತ್ತಿಗಿಷ್ಟು ಸಾಕ್ರಿ" ಎಂದರು. ಗುರುಗಳು ಅವರ ಮುಖವನ್ನು ನೋಡಿದರು, ಆಮೇಲೆ ನನ್ನದನ್ನು.

"ಎಷ್ಟು ದಿವಸ ಆತು?" ಎಂದು ನನ್ನನ್ನು ಕೇಳಿದರು.

ನಾನು ತಂಬೂರಿಯನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿದೆ.

"ತಂಬೂರಿಗೆ ಗವಸ ಹಾಕು. ಈ ವರ್ಷ ಸೇವಾ ಇಲ್ಲ. ಅಪಸ್ವರ ಒಯ್ದು ಗುರುವಿನ ಪಾದಕ್ಕ ಹಾಕಲಾರೆ."

ಅಂದಿನಿಂದ ಅವರು ಮಾತು ಕಡಿಮೆ ಮಾಡಿದರು. ಎರಡು ದಿನಕ್ಕೆ ಊಟವನ್ನೂ. ಅವರನ್ನು ನೋಡಿಕೊಳ್ಳುತ್ತಿದ್ದ ಮಗಳು ನನಗೆ ಚೀಟಿ ಬರೆದು ಕಳಿಸಿದಳು. ಓಡಿ ಹೋದೆ. ಬಾಗಿಲಲ್ಲೇ ನಿಂತು ಅವಳು ಹೇಳಿದಳು: "ಅಣ್ಣಾರ, ಒಂದು ಗುಟುಕು ಹಾಲು ಬಿಟ್ರ ಗಂಜಿ ಸುದ್ದಾ ಮುಟ್ಟವಲ್ಲರು. ಹಾಡಂಗಿಲ್ಲಂದ್ರ ಇನ್ನ ಯಾಕ ಉಣ್ಣಬೇಕು ಅಂತಾರ. ನಾ ಏನಂದ್ರೂ ಅವರ ಕಿವಿಗಿ ಹೋಗಂಗಿಲ್ಲ. ನೀವೇ ಏನರ ಮಾಡ್ರಿ."

ಅವಳ ತೆಳುದನಿ ಅವರಿಗೆ ಕೇಳುತ್ತಿರಲಿಲ್ಲ. ನನ್ನ ದಪ್ಪ ದನಿ, ಹತ್ತಿರ ಬಗ್ಗಿ ನುಡಿದರೆ, ಕೇಳುತ್ತಿತ್ತು. ಇದರ ಅರ್ಥವೇನೆಂದು ನನಗೆ ಆಗ ಹೊಳೆಯಲಿಲ್ಲ. ಹೊಳೆಯಿಸಿದ್ದು ಹಿಟ್ಟಿನ ಗಿರಣಿ. ಗುರುಗಳು ಕಲ್ಲುಹಾಸಿನ ಮೇಲೆ ಅಂಗೈ ಊರಿ ಗೋಡೆಗೆ ಒರಗಿದ್ದರು. ಇದ್ದಕ್ಕಿದ್ದಂತೆ, "ಗಿರಣಿ ಚಾಲೂ ಮಾಡ್ಯಾನ" ಎಂದರು. ಗಿರಣಿ ಎರಡು ಓಣಿಗಳ ಆಚೆಗಿತ್ತು. ನನಗೇ ಕೇಳಿರಲಿಲ್ಲ. ಹೊರಗೆ ಹೋಗಿ ಕಿವಿಗೊಟ್ಟೆ, ನಿಜ, ನಡೆಯುತ್ತಿತ್ತು. ಒಳಗೆ ಬಂದು ನೋಡಿದರೆ ಗುರುಗಳ ಗಂಟಲು ಅರಿವಿಲ್ಲದೆ ಅದೇ ಸ್ವರವನ್ನು ಗುನುಗುತ್ತಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅವರ ಗಂಟಲಿನಲ್ಲಿ ಯಾವ ದೋಷವೂ ಇರಲಿಲ್ಲ. ತಂಬೂರಿಯ ಜೀವವೆಲ್ಲ ಅದರ ಝೇಂಕಾರದಲ್ಲಿದೆ. ಆ ಮೇಲಿನ ಸೂಕ್ಷ್ಮ ನಾದಗಳೇ ಅವರ ಕಿವಿಯಿಂದ ಅಳಿದುಹೋಗಿದ್ದವು. ಉಳಿದಿದ್ದುದು ಮಂದ್ರ, ಕಲ್ಲಿನ ಮೂಲಕ ಅಂಗೈಗೂ ತಟ್ಟುವ, ಗಿರಣಿಯಷ್ಟು ಆಳದ ಮಂದ್ರ. ಅವರ ಷಡ್ಜವನ್ನು ಅಷ್ಟು ಕೆಳಗೆ, ಅಷ್ಟು ಬಲವಾಗಿ, ನಿಲ್ಲದಂತೆ ಕೊಡುವ ವಾದ್ಯವೊಂದು ಸಿಕ್ಕಿದರೆ ಅವರು ಹಾಡಿಯಾರು. ಹಾಡಿದರೆ ಉಣ್ಣುವರು.

ಹಾರ್ಮೋನಿಯಂನ ಕೆಳಸಪ್ತಕವನ್ನು ಒತ್ತಿ ಪೆಟ್ಟಿಗೆಯನ್ನು ಅವರ ತೊಡೆಗೆ ಆನಿಸಿದೆ. ತಲೆ ಅಲ್ಲಾಡಿಸಿದರು. ತಬಲಾದ ಎಡಗೈಯ ಜೋಡಿಯಾದ ಡಗ್ಗಾದ ನಾದ ತಲುಪಿತು, ಆದರೆ ಹುಟ್ಟಿದ ಕ್ಷಣಕ್ಕೇ ಸತ್ತಿತು. ಒಂಬತ್ತು ದಿನ ಉಳಿದಿದ್ದವು.

ಶಾಲೆಯಲ್ಲಿ ನನ್ನ ಸಂಕಟ ಕಂಡ ಸಹೋದ್ಯೋಗಿಯೊಬ್ಬರು ಪೆದ್ದೆಮುಲ್ ಕಡೆಯ ಒಂದು ಮದುವೆಯ ಸುದ್ದಿ ಹೇಳಿದರು. "ತಾಂಡೂರಿನ ಒಬ್ರು ಗಿಟಾರ ಬಾರಿಸಿದ್ರು ನೋಡ್ರಿ. ಮಂದಿ ಒಬ್ರೇ, ಗಿಟಾರ ಒಂದೇ. ಆದ್ರ ಕೆಳಗಿನ ದನಿ ಎಂಥಾದ್ದು ಅಂತೀರಿ, ನನ್ನ ಎದಿ ನಡುಗಿತು. ಕಾಲಾಗ ಏನೋ ಡಬ್ಬಿ ಇಟ್ಕೊಂಡಿದ್ರು."

ಮರುದಿನ ರಜೆ ಹಾಕಿ ತಾಂಡೂರಿನ ಬಸ್ಸು ಹತ್ತಿದೆ. ಪೆದ್ದೆಮುಲ್‌ನಲ್ಲಿ ಬಸ್ಸು ಅರ್ಧ ತಾಸು ನಿಂತಿತು. ಆ ಅರ್ಧ ತಾಸನ್ನೂ ಜಪದಲ್ಲಿ ಕಳೆದೆನೆಂದರೆ ಸುಳ್ಳಾಗುತ್ತದೆ. ಗುರುಗಳ ಬತ್ತಿದ ಮುಖವೇ ಕಣ್ಣಿನಲ್ಲಿತ್ತು.

ಗಿಟಾರಿನವರು ರೈಲ್ವೆಯ ಗೂಡ್ಸ್ ಕಚೇರಿಯಲ್ಲಿ ಗುಮಾಸ್ತರು. ನಲವತ್ತರ ಪ್ರಾಯ, ನಗುವ ಬಾಯಿ. ಯೌವನದಲ್ಲಿ ಹೈದರಾಬಾದಿನ ಆರ್ಕೆಸ್ಟ್ರಾ ಒಂದರಲ್ಲಿ ನುಡಿಸಿದವರು. ನನ್ನ ಮಾತನ್ನು ಪೂರ್ತಿ ಕೇಳಿದ ಮೇಲೆ, "ಮಾಸ್ತರ, ನಾ ಮದುವಿದಾಗ ಬಾರ್ಸಾಂವ. ನಿಮ್ಮ ಶಾಸ್ತ್ರ ನನಗ ಬರಂಗಿಲ್ರಿ" ಎಂದರು.

"ಶಾಸ್ತ್ರ ಬ್ಯಾಡ್ರಿ. ಒಂದೇ ಸ್ವರ ಬೇಕು. ಷಡ್ಜ."

"ಒಂದೇ ಸ್ವರ? ಗೂಡ್ಸ್ ಗಾಡಿ ದಿನಾ ಅದನ್ನೇ ಹಾಡ್ತದಲ್ಲರೀ! ಬರ್ರಿ, ಕುಂದ್ರಿ, ಚಾ ಕುಡೀರಿ."

ಅವರು ಮೂರು ಚಿಕ್ಕ ಲೋಹದ ಪೆಟ್ಟಿಗೆಗಳನ್ನು ತಂದು ನೆಲದ ಮೇಲೆ ಸಾಲಾಗಿಟ್ಟು ಒಂದಕ್ಕೊಂದು ತಂತಿ ಕೂಡಿಸಿದರು. ಅವನ್ನು ಪೆಡಲು ಎನ್ನುತ್ತಾರೆ. ಗಿಟಾರಿನ ನಾದ ಮೊದಲನೆಯದನ್ನು ಹೊಕ್ಕಾಗ ಅದರ ಹೊಡೆತದ ಉಬ್ಬರ ತಗ್ಗಿ, ಸಾಯುವ ಬಾಲ ಉದ್ದವಾಗುತ್ತದೆ. ಎರಡನೆಯದೇ ಮುಖ್ಯವಾದದ್ದು: ಅದು ಸ್ವರವನ್ನು ಒಂದು ಸಪ್ತಕ ಕೆಳಗಿಳಿಸುತ್ತದೆ, ಬೇಕಾದರೆ ಎರಡು. ಮೂಲ ಸ್ವರದ ಗುಂಡಿಯನ್ನು ಪೂರ್ತಿ ಇಳಿಸಿಬಿಟ್ಟರೆ ಕೆಳಗಿನ ನಾದವೊಂದೇ ಉಳಿಯುತ್ತದೆ. ಮೂರನೆಯದರಲ್ಲಿ ಮೇಲಿನ ಕರ್ಕಶವನ್ನು ಕತ್ತರಿಸಿ ಕೆಳಗಿನ ದಪ್ಪವನ್ನು ಎತ್ತುತ್ತಾರೆ.

ಗುರುಗಳ ಷಡ್ಜ ಕಾಳಿ ಒಂದು, ಎಂದರೆ ಹಾರ್ಮೋನಿಯಂನ ಮೊದಲ ಕರಿಮನೆ. ಗಿಟಾರಿನವರು ಅದನ್ನು ತಮ್ಮ ವಾದ್ಯದ ಅತಿ ದಪ್ಪ ತಂತಿಯ ಒಂಬತ್ತನೆಯ ಮನೆಯಲ್ಲಿ ಹುಡುಕಿದರು. ಅದೇ ಸ್ವರ ಪಕ್ಕದ ತಂತಿಯ ನಾಲ್ಕನೆಯ ಮನೆಯಲ್ಲಿಯೂ ಇದೆಯಂತೆ. ಆದರೆ ದಪ್ಪ ತಂತಿಯ ಮೇಲೆ, ಮೇಲಿನ ಮನೆಯಲ್ಲಿ ತೆಗೆದರೆ ನಾದ ದುಂಡಗೆ ಬರುತ್ತದೆ, ಪೆಡಲು ತಡವರಿಸದೆ ಅದನ್ನು ಹಿಡಿಯುತ್ತದೆ ಎಂದರು. ತಂತಿ ಮೀಟುವ ಪ್ಲಾಸ್ಟಿಕ್ಕಿನ ಚೂರನ್ನು ಬದಿಗಿಟ್ಟು, ಹೆಬ್ಬೆರಳಿನ ಮಾಂಸದಿಂದ, ಗಿಟಾರಿನ ಕುತ್ತಿಗೆಯ ಹತ್ತಿರ ಮೀಟಿದರು. ಬಳಿಕ ಬಲಗಾಲನ್ನೆತ್ತಿ ಎರಡನೆಯ ಪೆಟ್ಟಿಗೆಯ ಮೇಲಿಡಹೋದರು.

"ನಿಂದ್ರಿ!" ಎಂದೆ.

"ಏನಾತ್ರಿ?"

"ಷಡ್ಜಕ್ಕ ಕಾಲು ಹಚ್ಚಬ್ಯಾಡ್ರಿ. ಕೈಲೆ ಒತ್ತಾಕ ಬರಂಗಿಲ್ಲೇನು?"

ಅವರು ಒಂದು ಕ್ಷಣ ನನ್ನನ್ನು ನೋಡಿ ನಕ್ಕರು. "ಮಾಸ್ತರ, ನಾಟಕದ ಕಂಪನಿಯೊಳಗ ಕಾಲು ಹಾರ್ಮೋನಿಯಂ ಇರ್ತದಲ್ಲ, ಅದನ್ನೇನು ಕಿವಿಲೆ ತುಳೀತಾರ? ನನ್ನ ಎರಡೂ ಕೈ ತಂತಿ ಮ್ಯಾಲ ಅದಾವ. ಬೇಕಂದ್ರ ನೀವೇ ಒತ್ರಿ."

ನಾನೇ ಬಗ್ಗಿ, ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅಂಗೈಯಿಂದ ಒತ್ತಿದೆ. ಕೋಣೆಯ ನೆಲದಿಂದ ಒಂದು ನಾದ ಎದ್ದು ನನ್ನ ಮೊಣಕಾಲಿಗೆ ಬಂತು. ಮಂದ್ರ ಷಡ್ಜ. ಗುರುಗಳ ಮನೆಯ ಕಲ್ಲುಹಾಸನ್ನು ನೆನೆದು ನನ್ನ ಕಣ್ಣು ತುಂಬಿತು.

ಅಲ್ಲಿಗೇ ಸುಮ್ಮನಿದ್ದಿದ್ದರೆ ಎರಡು ದಿನ ಉಳಿತಾಯವಾಗುತ್ತಿದ್ದವು. ಷಡ್ಜ ಒಂದೇ ಸಾಕೆಂದು ಬಾಯಲ್ಲಿ ಹೇಳಿದ್ದ ನಾನು, ಅದು ಕೇಳುತ್ತಲೇ ತಂಬೂರಿಯನ್ನು ಬಯಸಿದೆ. ಷಡ್ಜದ ಜೊತೆಗಾರ ಸ್ವರವಾದ ಪಂಚಮವಿಲ್ಲದ ತಂಬೂರಿಯನ್ನು ನಾನು ಜೀವಮಾನದಲ್ಲಿ ಕೇಳಿದವನಲ್ಲ. ಗುರುಗಳ ಪಕ್ಕದಲ್ಲಿ ಒಂಟಿ ಷಡ್ಜವನ್ನು ಇಡುವುದು ಹಣತೆಗೆ ಎಣ್ಣೆ ಹಾಕಿ ಬತ್ತಿ ಮರೆತಂತೆ ತೋರಿತು. ತಂತಿಗಳನ್ನು ಬಿಗಿ ಸಡಿಲಿಸಿ, ಒಂದನ್ನು ಪಂಚಮಕ್ಕೂ ಪಕ್ಕದ್ದನ್ನು ಷಡ್ಜಕ್ಕೂ ತಂದು, ತಂಬೂರಿಯ ಕ್ರಮದಲ್ಲಿ ಮೀಟಿರೆಂದು ಕೇಳಿಕೊಂಡೆ. ಮೀಟಿದ ತಂತಿಯನ್ನು ಹಾಡು ಮುಗಿಯುವವರೆಗೆ ಕೈಯಿಂದ ತಡೆಯಬಾರದು ಎಂಬ ನಮ್ಮ ನಿಯಮವನ್ನೂ ಹೇಳಿದೆ.

ಪಂಚಮ ಸರಿಯಾಗಿ ಬಂತು. ಅದು ನಿಲ್ಲುವ ಮೊದಲೇ ಷಡ್ಜವನ್ನು ಮೀಟಿದೊಡನೆ ಪೆಟ್ಟಿಗೆ ಗಂಟಲಿಗೆ ನೀರು ಹೊಕ್ಕಂತೆ ಗೊಳಗೊಳ ಸದ್ದು ಮಾಡಿತು. ಗುಂಡಿಗಳನ್ನು ತಿರುಗಿಸಿದೆವು, ಹೊಸ ಬ್ಯಾಟರಿ ಹಾಕಿದೆವು, ತಂತಿ ಬದಲಿಸಿದೆವು. ಮತ್ತೆ ಅದೇ ಗೊಳಗೊಳ.

"ಇದಕ್ಕ ಒಂದು ಸಲಕ್ಕ ಒಂದೇ ದನಿ ನಡೀತದ್ರಿ" ಎಂದರು ಗಿಟಾರಿನವರು. "ಎರಡು ಕೂಡಿ ಬಂದ್ರ ಯಾವುದನ್ನ ಇಳಿಸ್ಲಿ ಅಂತ ಅದಕ್ಕ ತಿಳಿಯಂಗಿಲ್ಲ. ಪಂಚಮ ಬಿಡ್ರಿ ಮಾಸ್ತರ."

ನಾನು ಬಿಡಲಿಲ್ಲ. ಅಂದು ಅಲ್ಲಿಯೇ ಉಳಿದು, ಮರುದಿನವೂ ಉಳಿದು, ಅವರು ಕಚೇರಿಯಿಂದ ಬರುವುದನ್ನೇ ಕಾದು ಪೀಡಿಸಿದೆ. ಕಡೆಗೆ ಒಂದು ನಡುದಾರಿ ಕಂಡಿತು: ಒಂದು ತಂತಿಯನ್ನು ಬೆರಳಿನಿಂದ ತಡೆದು ಆಮೇಲೆ ಇನ್ನೊಂದನ್ನು ಮೀಟುವುದು. ತಂತಿಯ ಬಾಯಿ ಮುಚ್ಚುವುದು ನನಗೆ ಸರಿಬೀಳಲಿಲ್ಲ. ಆದರೂ ಪಂಚಮ ಉಳಿಯಿತಲ್ಲ ಎಂದು ಒಪ್ಪಿದೆ. ಅವರು ಒಂದು ವಾರ ರಜೆ ಬರೆದುಕೊಟ್ಟು ನನ್ನ ಜೊತೆ ಹೊರಟರು. ಆ ಉಪಕಾರವನ್ನು ನಾನು ಯಾವ ಮಾತಿನಿಂದಲೂ ತೀರಿಸಿಲ್ಲ.

ನಾರಾಯಣಖೇಡದ ಮಠದಲ್ಲಿ ಧ್ವನಿವರ್ಧಕದವರು ಪ್ರತಿವರ್ಷದಂತೆ ಎರಡು ಉದ್ದ ಕಹಳೆಗಳನ್ನು ಕಂಬಕ್ಕೆ ಕಟ್ಟಿದ್ದರು. ಗಿಟಾರನ್ನು ಅವಕ್ಕೆ ಕೂಡಿಸಿ ಮೀಟಿದರೆ ಬೆರಳಿನ ಟಕ್ ಟಕ್ ಮಾತ್ರ ಕೇಳಿತು. ಮಂದ್ರದ ಸುಳಿವೇ ಇಲ್ಲ. "ಇವು ಮಂದಿನ ಕರೀಲಾಕ ಚಲೋ. ಇದರಾಗ ಕೆಳಗಿನ ದನಿ ಹುಟ್ಟಂಗಿಲ್ರಿ" ಎಂದು ಗಿಟಾರಿನವರು ತಲೆ ಮೇಲೆ ಕೈಹೊತ್ತರು. ಊರ ಸಿನಿಮಾ ಟಾಕೀಸಿನ ಪರದೆಯ ಹಿಂದೆ ಬಳಸದೆ ಬಿಟ್ಟಿದ್ದ ಒಂದು ದೊಡ್ಡ ಮರದ ಸ್ಪೀಕರ್ ಪೆಟ್ಟಿಗೆ ಇದೆಯೆಂದು ಧ್ವನಿವರ್ಧಕದವರೇ ನೆನಪಿಸಿದರು. ಟಾಕೀಸಿನವರು ಗುರುಗಳ ಹೆಸರು ಕೇಳಿ ಇಲ್ಲವೆನ್ನಲಿಲ್ಲ. ಎತ್ತಿನ ಬಂಡಿಯಲ್ಲಿ ಅದನ್ನು ತಂದು ಮಂಟಪದಲ್ಲಿ, ಗುರುಗಳು ಕೂಡುವ ಜಾಗದ ಎಡಮಗ್ಗುಲಿಗೆ ಇಟ್ಟೆವು. ಮೂರು ದಿನ ಉಳಿದಿದ್ದವು.

ಗುರುಗಳನ್ನು ಒಪ್ಪಿಸುವುದು ಪೆಟ್ಟಿಗೆ ತರುವುದಕ್ಕಿಂತ ಕಷ್ಟವಾಯಿತು. "ಕಿವಿ ಸತ್ತ ಮುದುಕನ್ನ ಒಯ್ದು ಊರ ಮುಂದ ಕುಂದರಿಸಿ ನಗಿಸ್ತಿಯೇನು?" ಎಂದರು. ನಾನು ಅವರ ಪಾದ ಹಿಡಿದು, ಹಾಡುವುದು ಬೇಡ, ಕೈ ಇಟ್ಟು ನೋಡಿದರೆ ಸಾಕು ಎಂದೆ. ಮಗಳು ಕೋಲು ತಂದು ಅವರ ಕೈಗಿತ್ತಳು.

ಮಂಟಪದಲ್ಲಿ ಕುಳಿತು ಅವರು ಎಡ ಅಂಗೈಯನ್ನು ಪೆಟ್ಟಿಗೆಯ ಮಗ್ಗುಲಿಗೆ ಇಟ್ಟರು. ಧ್ವನಿವರ್ಧಕದವರು ಸ್ವಿಚ್ಚು ಹಾಕಿದರು. ಆ ಕ್ಷಣ ಗುರುಗಳ ಮುಖ ಅರಳಿತು.

"ಸಿಕ್ತು! ಸಿಕ್ತೋ ತಮ್ಮಾ!"

ಕಣ್ಣು ಮುಚ್ಚಿ ಷಡ್ಜ ಹಚ್ಚಿದರು. ತುಂಬಿದ, ಅಲುಗದ ಸ್ವರ. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುರುಗಳು ಕಣ್ತೆರೆದು ನನ್ನತ್ತ ನೋಡಿದರು. ನಾನು ತಲೆ ತೂಗಿದೆ.

ಗಿಟಾರಿನವರು ಇನ್ನೂ ತಂತಿ ಮುಟ್ಟಿರಲಿಲ್ಲ.

ಪೆಟ್ಟಿಗೆಯಿಂದ ಬರುತ್ತಿದ್ದುದು ಬರಿಯ ಕರೆಂಟಿನ ಗುಂಯ್‌ಗುಡುವಿಕೆ. ಗುರುಗಳು ಅದಕ್ಕೇ ತಮ್ಮ ಷಡ್ಜವನ್ನು ಒಪ್ಪಿಸಿ ಕುಳಿತಿದ್ದರು. ಗಿಟಾರಿನವರು ನಿಜವಾದ ಷಡ್ಜವನ್ನು ಮೀಟಿದಾಗ ಎರಡೂ ಒಂದನ್ನೊಂದು ತಿಕ್ಕಿದವು. ಗುರುಗಳ ಹುಬ್ಬು ಗಂಟಿಕ್ಕಿತು, ಸ್ವರ ಚೆದುರಿತು. ಕೈ ಹಿಂದೆಳೆದುಕೊಂಡು, "ಅದೂ ಹೋತು" ಎಂದರು. ಕೋಲು ಊರಿ ಎದ್ದರು.

ಗಿಟಾರಿನವರು ನನ್ನನ್ನು ಮಠದ ಹಿಂದಿನ ಕೈಪಂಪಿನ ಹತ್ತಿರಕ್ಕೆ ಕರೆದೊಯ್ದರು. ಅವರು ಸಿಟ್ಟಾದುದನ್ನು ನಾನು ನೋಡಿದ್ದು ಅದೊಂದೇ ಸಲ.

"ನೀವು ತಲಿ ಯಾಕ ಅಲ್ಲಾಡಿಸಿದ್ರಿ?"

"ಅವರ ಮುಖ ನೋಡಿ... ಬ್ಯಾಡ ಅನ್ನಾಕ ಆಗ್ಲಿಲ್ರಿ."

"ನಾ ಡಬ್ಬಿ ತಂದು ಏನ್ ಉಪಯೋಗ, ಮಾಸ್ತರ? ಅವರಿಗಿ ಉಳಿದದ್ದು ನಿಮ್ಮ ತಲಿ ಒಂದೇ. ಅದೇ ಅಪಸ್ವರ ಆದ್ರ?"

ಕೈಪಂಪಿನ ಕಟ್ಟೆಯ ಮೇಲೆ ಕುಳಿತೆ. ಅರವತ್ತು ಸಮೀಪಿಸಿದವನು, ಸಂಧ್ಯಾವಂದನೆ ತಪ್ಪಿಸದವನು, ಗುರುವಿನ ಎದುರು ಸುಳ್ಳಿನ ಸಾಕ್ಷಿಯಾಗಿ ಆರು ತಿಂಗಳು ಕುಳಿತೆನಲ್ಲ ಎಂದು ಆಗಷ್ಟೇ ನೇರವಾಗಿ ಕಂಡಿತು. ಗಿಟಾರಿನವರು ನನ್ನನ್ನು ಬಿಟ್ಟು ಕೈಪಂಪಿನ ಕೊಳವೆಯನ್ನು ದಿಟ್ಟಿಸುತ್ತಿದ್ದರು. "ಇದು ಎಷ್ಟು ಆಳ ಹೋಗ್ಯಾದ್ರಿ?" ಎಂದು ಕೇಳಿದರು. ಭೂಮಿಯ ನೀರಿನ ತನಕ, ಎಂದೆ. "ಆತು. ಗುಂಯ್ ಅನ್ನೋದನ್ನ ಇದರಾಗ ಇಳಿಸೋಣ."

ಧ್ವನಿವರ್ಧಕದವರ ಆಂಪ್ಲಿಫಯರಿನ ಕಬ್ಬಿಣದ ಮೈಯಿಂದ ತಾಮ್ರದ ತಂತಿಯೊಂದನ್ನು ಎಳೆದು ತಂದು, ಕೊಳವೆಯ ತುಕ್ಕನ್ನು ಕೆರೆದು, ಅಲ್ಲಿ ಬಿಗಿಯಾಗಿ ಸುತ್ತಿದರು. ತಾವು ಗಿಟಾರು ಹಿಡಿದು ಕೂಡುವ ದಿಕ್ಕನ್ನೂ ಆಂಪ್ಲಿಫಯರಿನಿಂದ ಬೇರೆಡೆಗೆ ತಿರುಗಿಸಿದರು. ಸಂಜೆಯ ಹೊತ್ತಿಗೆ ಪೆಟ್ಟಿಗೆಗೆ ಕೆನ್ನೆ ಹಚ್ಚಿ ಕೇಳಿದೆ. ಸದ್ದಿಲ್ಲ. ಭೂಮಿ ಅದನ್ನು ತೆಗೆದುಕೊಂಡಿತ್ತು.

ಮರುದಿನ ಗುರುಗಳು ಬರಲು ಒಪ್ಪಿದ್ದು ಮಗಳು ತಾನೂ ಊಟ ಬಿಟ್ಟದ್ದರಿಂದ. ಅಂಗೈ ಇಟ್ಟರು. ಗಿಟಾರಿನವರು ನಮ್ಮ ನಡುದಾರಿಯ ಕ್ರಮದಲ್ಲಿ ಪಂಚಮ ಮೀಟಿ, ತಡೆದು, ಷಡ್ಜ ಮೀಟಿ, ತಡೆದು, ನುಡಿಸುತ್ತ ಹೋದರು. ನಾನು ಎದುರಿಗೆ ಕುಳಿತು ಕೈಯಿಂದ ಪೆಡಲು ಒತ್ತಿ ಹಿಡಿದಿದ್ದೆ. ಗುರುಗಳು ಬಹಳ ಹೊತ್ತು ಅಂಗೈಯಿಂದ ಕೇಳಿದರು. ಆಮೇಲೆ ಸ್ವರ ಹಚ್ಚಿದರು. ಶುದ್ಧವಾಗಿ, ತೂಕವಾಗಿ, ಪಂಚಮದ ಮೇಲೆ. ಪಂಚಮವನ್ನೇ ಷಡ್ಜವೆಂದು ತಿಳಿದು ಅವರು ಭೈರವವನ್ನು ಕಟ್ಟತೊಡಗಿದರು. ಝೇಂಕಾರ ಕೇಳುವ ಕಿವಿಗೆ ಯಾವುದು ಮನೆ, ಯಾವುದು ನೆರೆಮನೆ ಎಂದು ತಂಬೂರಿಯೇ ಹೇಳುತ್ತದೆ. ಅಂಗೈಗೆ ಎರಡೂ ಬರಿಯ ನಡುಕ. ನಾನು ಹಟ ಹಿಡಿದು ಉಳಿಸಿಕೊಂಡ ಪಂಚಮವೇ ಅವರನ್ನು ದಾರಿ ತಪ್ಪಿಸಿತ್ತು.

ಗುರುಗಳು ಕಣ್ತೆರೆದು ನನ್ನ ಮುಖ ನೋಡಿದರು.

ಗಿಟಾರಿನವರು ನನ್ನ ಮುಖ ನೋಡಿದರು. ಮಗಳೂ ನೋಡಿದಳು.

ನಾನು ತಲೆಯನ್ನು ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಇಲ್ಲ.

ಗುರುಗಳು ಹಾಡು ನಿಲ್ಲಿಸಿದರು. ಏಳುತ್ತಾರೆ, ಈ ಸಲ ಎದ್ದರೆ ಮತ್ತೆ ಬರುವುದಿಲ್ಲ ಎಂದುಕೊಂಡೆ. ಅವರು ಏಳಲಿಲ್ಲ. ನನ್ನನ್ನೇ ನೋಡುತ್ತ, "ಮತ್ತ ಯಾವುದು?" ಎಂದರು.

ನಾನು ಅವರ ಕಿವಿಗೆ ಬಗ್ಗಿ, "ಜರಾ ತಡೀರಿ ಗುರುಗಳೇ" ಎಂದೆ. ಗಿಟಾರಿನವರತ್ತ ತಿರುಗಿ, "ಪಂಚಮ ತೆಗೀರಿ" ಎಂದೆ. ಅವರು ಗಿಟಾರನ್ನು ನನ್ನತ್ತ ಚಾಚಿದರು. ನಾನೇ ನನ್ನ ಶಲ್ಯದ ಅಂಚನ್ನು ಹರಿದು, ದಪ್ಪ ತಂತಿಯೊಂದನ್ನು ಬಿಟ್ಟು ಉಳಿದ ಐದರ ನಡುವೆ ಮೇಲೆ ಕೆಳಗೆ ಹೆಣೆದೆ. ನಾದದ ಬಾಯಿ ಕಟ್ಟುವ ಆ ಕೆಲಸವನ್ನು ಮಾಡುವಾಗ ಮನಸ್ಸಿನಲ್ಲಿಯೇ ತಂತಿಗಳ ಕ್ಷಮೆ ಕೇಳಿದೆ. ಅವರು ದಪ್ಪ ತಂತಿಯನ್ನು ಹಳೆಯ ಬಿಗುವಿಗೆ ತಂದು, ಒಂಬತ್ತನೆಯ ಮನೆಯಲ್ಲಿ ಬೆರಳಿಟ್ಟು, ಷಡ್ಜವೊಂದನ್ನೇ ಮೀಟಿದರು. ಅದು ಮುಗಿಯುವ ಹೊತ್ತಿನಲ್ಲಿ ಪೆಡಲು ನಡುಗಿ ತೊದಲುತ್ತಿತ್ತು; ಆದ್ದರಿಂದ ನಾದದ ಬಾಲ ಸಣ್ಣದಾಗುವ ಮೊದಲೇ ಮತ್ತೆ ಮೀಟಬೇಕೆಂದು ಲೆಕ್ಕ ಹಾಕಿಕೊಂಡರು. ಒಂದು ಉಸಿರಿಗೆ ಎರಡು ಮೀಟು.

ಗುರುಗಳ ಗಂಟಲು ಮೆಲ್ಲಗೆ ಮೇಲಿನಿಂದ ಇಳಿದು ಬಂದು ಆ ನಾದದ ಮೇಲೆ ಕುಳಿತಿತು. ನನ್ನ ತಲೆ ತೂಗಿತು. ನಾನು ತೂಗಿಸಲಿಲ್ಲ.

ಆರಾಧನೆಯ ಬೆಳಿಗ್ಗೆ ಮಂಟಪ ತುಂಬಿತ್ತು. ಕಲ್ಹೇರ್ ಕಡೆಯ ಹಳ್ಳಿಗಳಿಂದಲೂ ಜನ ಬಂದು ಮೆಟ್ಟಿಲುಗಳ ಮೇಲೆ ಕುಳಿತಿದ್ದರು. ನಾನು ತಂಬೂರಿ ಹಿಡಿಯಬೇಕಾಗಿದ್ದುದರಿಂದ ಪೆಡಲಿಗೆ ಕೈ ಇರಲಿಲ್ಲ. ಗಿಟಾರಿನವರು ಕೈಪಂಪಿಗೆ ಹೋಗಿ ಎರಡೂ ಕಾಲು ತೊಳೆದುಕೊಂಡು ಬಂದು, "ಈಗರ ನಡೀತದೇನ್ರಿ?" ಎಂದು ಕಣ್ಣಿನಲ್ಲಿಯೇ ನಕ್ಕರು. ನಾನು ಕೈ ಮುಗಿದೆ.

ಅರ್ಧ ತಾಸಿನ ಹಾಡು. ಜನರಿಗೆ ಕೇಳಿದ್ದು ನನ್ನ ತಂಬೂರಿ. ಪೆಟ್ಟಿಗೆಯ ಮಂದ್ರ ಅವರ ಲಕ್ಷ್ಯಕ್ಕೇ ಬರಲಿಲ್ಲ. ಮುಕ್ಕಾಲು ಭಾಗ ನಾವು ಅಂದುಕೊಂಡಂತೆಯೇ ನಡೆಯಿತು. ಆಮೇಲೆ ಪದ ಮೇಲಿನ ಸಪ್ತಕದ ತಾರ ಷಡ್ಜಕ್ಕೆ ಏರುವಲ್ಲಿ ಗುರುಗಳ ಎಡಗೈ ಪೆಟ್ಟಿಗೆಯನ್ನು ಬಿಟ್ಟು ಮೇಲಕ್ಕೆದ್ದಿತು. ಅರವತ್ತೆಪ್ಪತ್ತು ವರ್ಷ ಆ ಎಡೆಯಲ್ಲಿ ಆ ಕೈ ಹಾಗೆಯೇ ಏಳುತ್ತಿತ್ತು. ಅದನ್ನು ಕಟ್ಟಿಡಬೇಕೆಂದು ನಮ್ಮಲ್ಲಿ ಯಾರಿಗೂ ತೋಚಿರಲಿಲ್ಲ. ಕೈ ಏಳುತ್ತಲೇ ಸ್ವರ ಇಳಿಯಿತು. ನೂಲಿನಷ್ಟು, ಇನ್ನೂ ಒಂದು ನೂಲಿನಷ್ಟು. ಗುರುಗಳು ನನ್ನತ್ತ ನೋಡಿದರು. ನಾನು ತಲೆ ಅಡ್ಡ ತಿರುಗಿಸಿದೆ. ಐವತ್ತು ವರ್ಷದ ಸೇವೆಯ ನಡುವೆ, ತುಂಬಿದ ಮಂಟಪದಲ್ಲಿ, ಗುರುವಿಗೆ ಇಲ್ಲವೆಂದೆ.

ಗಿಟಾರಿನವರು ಬಾಗಿ, ಕಾಲ್ಬೆರಳಿನಿಂದಲೇ ಎರಡನೆಯ ಪೆಡಲಿನಲ್ಲಿ ಕೆಳಗಿನ ನಾದವನ್ನು ಏರಿಸುವ ಗುಂಡಿಯನ್ನು ತಿರುಗಿಸಿದರು. ಮಂಟಪದ ಕಲ್ಲುಹಾಸು ನನ್ನ ಕಾಲಡಿಯಲ್ಲಿ ಮಿಡಿಯಿತು. ಅದು ಗುರುಗಳ ಕಾಲಡಿಯಲ್ಲಿಯೂ ಮಿಡಿದಿರಬೇಕು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಸ್ವರ ಮಾತ್ರ ಮೇಲೇರಿ ತನ್ನ ಜಾಗವನ್ನು ಸೇರಿತು. ಅಲ್ಲಿಂದ ಕಡೆಯವರೆಗೆ ಅವರು ನನ್ನ ಮುಖವನ್ನು ಮತ್ತೆ ನೋಡಲಿಲ್ಲ.

ಮಂಗಳಾರತಿ ಮುಗಿದು, ಪ್ರಸಾದದ ಎಲೆಗಳ ಮುಂದೆ ಕುಳಿತಾಗ ಗುರುಗಳು ಮೊದಲ ತುತ್ತು ಎತ್ತಿದರು. ಮಗಳು ಬಡಿಸುವ ಸೌಟು ಹಿಡಿದು ಹಾಗೆಯೇ ನಿಂತು ನೋಡುತ್ತಿದ್ದಳು. ಎರಡನೆಯ ತುತ್ತಿಗೆ ಮೊದಲು ಅವರು ನನ್ನನ್ನು ಕರೆದರು.

"ತಾರ ಷಡ್ಜದಾಗ ಇಳೀತಲ್ಲ?"

"ಹೌದ್ರಿ ಗುರುಗಳೇ. ಇಳೀತ್ರಿ."

"ಹಾಂ." ಅನ್ನ ಕಲಸಿದರು. "ಮತ್ತ, ಆ ಪೆಟಗಿಯೊಳಗ ಪಂಚಮ ಇರಲಿಲ್ಲಲ್ಲೋ ತಮ್ಮಾ?"

ನನ್ನ ತುತ್ತು ಎಲೆಯಲ್ಲಿಯೇ ಉಳಿಯಿತು. ಅದು ಅವರಿಗೆ ತಿಳಿಯಲಾರದೆಂದು ನಾನು ನಂಬಿದ್ದೆ. "ನಾನೇ ತೆಗಸಿದೆ ಗುರುಗಳೇ. ಅದಿದ್ರ ನಿಮಗ ದಾರಿ ತಪ್ಪತಿತ್ತು. ತಪ್ಪಾತು."

"ತಪ್ಪೇನು ಬಂತು? ಇಷ್ಟು ವರ್ಷ ಪಂಚಮ ತಂಬೂರಿ ಕೊಡ್ತಿತ್ತು, ನಾ ತಗೊಂತಿದ್ದೆ" ಎಂದರು ಗುರುಗಳು. "ಈ ಸಲ ನಾನೇ ಹಚ್ಚಿಕೊಂಡು ಹ್ವಾದೆ." ಎಲೆಯತ್ತ ಬಗ್ಗಿ, ಮಗಳಿಗೆ ಕೇಳುವಂತೆ ದನಿಯೆತ್ತಿ, "ಇನ್ನಷ್ಟು ಸಾರು ಹಾಕವ್ವ" ಎಂದರು.